ಬಟ್ಟೆಗಿಂತ ಕೆಳಗೆ, ಎತ್ತಿಗಿಂತ ಮೇಲೆ

ಅಂದು ಬೆಳಿಗ್ಗೆ ಅಕ್ಕಿಹೆಬ್ಬಾಳಿನ ಹೊಳೆ ಮೆಟ್ಟಿಲ ಮೇಲೆ ಇದ್ದವರು ಯಾರು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಒಗೆಯುವ ಕಲ್ಲಿನ ಮುಂದೆ ನಮ್ಮ ಮನೆಯೊಡತಿ ಸಾಕಮ್ಮ. ಆಕೆಯ ಸುತ್ತ, ಒಗೆಯುವುದನ್ನು ನಿಲ್ಲಿಸಿ ತಮಾಷೆ ನೋಡಲು ಕೂತ ಹೆಂಗಸರು. ತುಸು ಕೆಳಗೆ ಎತ್ತುಗಳ ಮೈ ಉಜ್ಜುತ್ತಿದ್ದ ಸಾಕಮ್ಮನ ಮೈದುನ ಜವರೇಗೌಡ. ದಡದ ಮೇಲೆ ಕೈಯಲ್ಲಿ ಜೋಳದ ರೊಟ್ಟಿ ಹಿಡಿದು ನಿಂತ ನನ್ನ ಹೆಂಡತಿ ಶಾಂತಾ. ಪಂಚೆಯನ್ನು ಮಂಡಿಯ ಮೇಲಕ್ಕೆ ಕಟ್ಟಿ, ಹಿಮ್ಮಡಿ ಮುಳುಗುವಷ್ಟೇ ನೀರಿನಲ್ಲಿ ನಿಂತು ನಡುಗುತ್ತಿದ್ದ ನಾನು. ಕೊನೆಯದಾಗಿ, ಹೊಟ್ಟೆಗೆ ಸ್ಕೂಟರಿನ ಟ್ಯೂಬು ಸುತ್ತಿಸಿಕೊಂಡು, ಈ ಜನಕ್ಕೂ ತನಗೂ ಏನೂ ಸಂಬಂಧವಿಲ್ಲವೆಂಬಂತೆ ಆಕಾಶ ನೋಡುತ್ತಿದ್ದ ನಮ್ಮ ಮುಧೋಳ ನಾಯಿ ಸುಬೇದಾರ.

ನಡೆಯುತ್ತಿದ್ದದ್ದು ಒಂದು ವಾದ. ಈ ನಾಯಿ ಹೊಳೆಗೆ ಎಲ್ಲಿ ಇಳಿಯಬೇಕು?

ಇಂಡಿ ತಾಲೂಕಿನಲ್ಲಿ ಕೂತು ಓದುತ್ತಿರುವ ನಿಮಗೆ ಇದೂ ಒಂದು ವಾದವೇ ಅನ್ನಿಸೀತು. ನಮ್ಮ ಕಡೆ ನೀರಿನ ವಿಷಯದಲ್ಲಿ ಇರುವುದು ಒಂದೇ ಪ್ರಶ್ನೆ, ಅದು ಇದೆಯೋ ಇಲ್ಲವೋ. ಇದ್ದರೆ ಮನುಷ್ಯ, ಎಮ್ಮೆ, ಕಾಗೆ ಎಲ್ಲರೂ ಒಂದೇ ಕಡೆ ಬಾಯಿ ಹಾಕುತ್ತೇವೆ. ಅಕ್ಕಿಹೆಬ್ಬಾಳಿನಲ್ಲಿ ಹೇಮಾವತಿ ವರ್ಷವಿಡೀ ಹರಿಯುತ್ತದೆ. ಆದ್ದರಿಂದ ಜನಕ್ಕೆ ಅದರೊಳಗೆ ಕಟ್ಟಳೆ ಮಾಡಲು ಪುರುಸೊತ್ತಿದೆ. ಎಲ್ಲಕ್ಕಿಂತ ಮೇಲೆ, ಹರಿವು ಬರುವ ಕಡೆ, ಕುಡಿಯುವ ನೀರಿನ ಕೊಡ. ಅದರ ಕೆಳಗೆ ಮೈ ತೊಳೆಯುವವರು. ಅದರ ಕೆಳಗೆ ಬಟ್ಟೆ. ಬಟ್ಟೆಯ ಕೆಳಗೆ ಎತ್ತು. ಎತ್ತಿನ ಕೆಳಗೆ ಎಮ್ಮೆ. ಎಲ್ಲೂ ಬರೆದಿಟ್ಟಿಲ್ಲ, ಯಾರೂ ಮೀರುವುದಿಲ್ಲ. ಬಂದ ಹೊಸತರಲ್ಲಿ ನಾನು ಬಟ್ಟೆಯವರ ಜಾಗದಲ್ಲಿ ಮುಖ ತೊಳೆದೆ. ಯಾರೂ ಬೈಯಲಿಲ್ಲ. ಅಷ್ಟೂ ಹೆಂಗಸರು ತಮ್ಮ ತಮ್ಮ ಬಟ್ಟೆ ಎತ್ತಿಕೊಂಡು, ನಾನು ಮುಗಿಸುವವರೆಗೆ ಸುಮ್ಮನೆ ನಿಂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾದ ಮುಗಿಯುವ ಮುಂಚೆ ನಾವು ಆ ಮೆಟ್ಟಿಲವರೆಗೆ ಬಂದ ದಾರಿಯನ್ನು ಹೇಳಬೇಕು.

ನಾನು ಹೈಸ್ಕೂಲಿನ ದೈಹಿಕ ಶಿಕ್ಷಕ. ನಮ್ಮ ಕಡೆ ಅದಕ್ಕೆ ಪೀಟಿ ಮಾಸ್ತರ ಅನ್ನುತ್ತಾರೆ. ಇಲ್ಲಿ ಡ್ರಿಲ್ ಮೇಷ್ಟ್ರು. ಕೆಲಸ ಸಿಕ್ಕಿದ್ದು ಕೆ.ಆರ್. ಪೇಟೆ ತಾಲೂಕಿನಲ್ಲಿ. ಹೊರಡುವಾಗ ಶಾಂತಾ ಎರಡು ಷರತ್ತು ಹಾಕಿದಳು. ಜೋಳದ ಚೀಲ ಬರಬೇಕು, ಸುಬೇದಾರ ಬರಬೇಕು. ಸುಬೇದಾರ ಆಕೆಯ ಸೋದರಮಾವ ಮುಧೋಳದಿಂದ ತಂದುಕೊಟ್ಟ ಬೇಟೆ ನಾಯಿ. ಉದ್ದ ಮೂತಿ, ಒಳಗೆ ಸೇದಿದ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಆ ಜಾತಿಯ ಚೆಂದವೇ ಅದು.

ಮನೆ ಹುಡುಕುವಾಗ ನನಗೊಂದು ಧೈರ್ಯವಿತ್ತು. ನಮ್ಮ ಕಡೆಯ ಊರುಗಳಲ್ಲಿ ಮನೆ ಕೊಡುವವರು ಮೊದಲು ಕೇಳುವುದು, ಮಾಂಸ ತಿನ್ನುತ್ತೀರೇನು ಎಂದು. ತಿನ್ನುವವರಿಗೆ ಬಾಗಿಲು ಮುಚ್ಚುತ್ತಾರೆ. ಸಾಕಮ್ಮನೂ ಅದನ್ನೇ ಕೇಳಿದರು.

"ಬಾಡು ತಿಂತೀರಾ ಮೇಷ್ಟ್ರೇ?"

"ಇಲ್ಲಮ್ಮ, ನಾವು ತಿನ್ನೋದಿಲ್ಲ," ಎಂದು ಎದೆ ಮುಂದೆ ಮಾಡಿ ಹೇಳಿದೆ.

ಸಾಕಮ್ಮ ನನ್ನನ್ನೂ ಶಾಂತಾಳನ್ನೂ ಕನಿಕರದಿಂದ ನೋಡಿದರು. "ಪಾಪ, ಏನ್ ಕಾಯ್ಲೆನೋ. ಮನೆ ತಕಳಿ, ಬುಡಿ. ಇಲ್ಲಿ ನೀರು ಒಳ್ಳೇದು, ವಾಸಿ ಆಯ್ತದೆ."

ಸುಬೇದಾರನ ಪಕ್ಕೆಲುಬು ಕಂಡ ಮೇಲಂತೂ ಊರಿಗೆ ನಮ್ಮ ಬಗ್ಗೆ ಅನುಮಾನವೇ ಉಳಿಯಲಿಲ್ಲ. ಬಿಜಾಪುರದ ಮೇಷ್ಟ್ರು ತಾನೂ ಉಣ್ಣುವುದಿಲ್ಲ, ನಾಯಿಗೂ ಇಕ್ಕುವುದಿಲ್ಲ. ದಾರಿಯಲ್ಲಿ ಹೋಗುವವರೆಲ್ಲ "ಸೀಕ್ಲ ನಾಯಿ, ಸೀಕ್ಲ ನಾಯಿ", ಅಂದರೆ ರೋಗದ ನಾಯಿ, ಎಂದು ಕರೆದು ಮುದ್ದೆ ಹಾಕತೊಡಗಿದರು. ನಾನು ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯಲು ಒಂದು ಶಾಲಾ ವರ್ಷ ತೆಗೆದುಕೊಂಡೆ. ಸುಬೇದಾರ ಮೊದಲ ಮುದ್ದೆಗೇ ಕಲಿತ.

ಶಾಂತಾಳಿಗೆ ಮಾತ್ರ ಊರು ಹತ್ತಲಿಲ್ಲ. ಆಕೆ ಏನು ಹೇಳಿದರೂ ಇಲ್ಲಿಯವರು "ಆಂ?" ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಎರಡನೆಯ ಸಲ ಹೇಳುವಾಗ ಯಾವ ಮಾತಿಗೂ ರುಚಿ ಇರುವುದಿಲ್ಲ. ನಾನು ಶಾಲೆಗೆ ಹೋದ ಮೇಲೆ ಆಕೆ ಮಾತಾಡುತ್ತಿದ್ದದ್ದು ಸುಬೇದಾರನ ಜೊತೆ. "ನೋಡಪಾ, ಇಲ್ಲಿ ಮಂದಿ ಸಾರಿಗೆ ಬೆಲ್ಲ ಹಾಕ್ತಾರಂತ, ಯಾವ ಪೈಕಿ ಮಂದಿ ಇವರು?" ಎಂದರೆ ಅವನು ಒಂದೇ ಸಲಕ್ಕೆ ತಿಳಿದುಕೊಂಡು ಕಿವಿ ಹಿಂದಕ್ಕೆ ಮಾಡುತ್ತಿದ್ದ.

ಹೀಗಿರುವಾಗ ಅವನ ಕಾಲು ಮುರಿಯಿತು.

ನಮ್ಮ ಕರಿ ನೆಲದಲ್ಲಿ ನಿಂತರೆ ಕಣ್ಣು ಸೋಲುವವರೆಗೆ ಬಯಲು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಪ್ರಾಣಿ. ಕಂಡದ್ದನ್ನು ಓಡಿ ಹಿಡಿಯುತ್ತದೆ. ಇಲ್ಲಿ ಎತ್ತ ನೋಡಿದರೂ ಆಳೆತ್ತರದ ಕಬ್ಬಿನ ಗೋಡೆ. ಒಂದು ಮುಂಗುಸಿಯ ಹಿಂದೆ ಕಬ್ಬಿನೊಳಗೆ ನುಗ್ಗಿದ ಸುಬೇದಾರ ಆ ಕಡೆ ಹೊರಗೆ ಬಂದಾಗ ಅಲ್ಲಿ ಬಯಲು ಇರಲಿಲ್ಲ, ರಸ್ತೆ ಇತ್ತು. ರಸ್ತೆಯ ಮೇಲೆ ಕಬ್ಬು ತುಂಬಿದ ಟ್ರಾಕ್ಟರು ಇತ್ತು. ಹಿಂದಿನ ಎಡತೊಡೆಯ ಮೂಳೆ ಎರಡು ತುಂಡಾಯಿತು.

ಕೆ.ಆರ್. ಪೇಟೆಯ ದನದ ಡಾಕ್ಟರು ನೋಡಿ, ತೊಡೆಯ ಮೂಳೆ ಪಟ್ಟಿ ಕಟ್ಟಿದರೆ ಕೂಡುವುದಿಲ್ಲ, ಬೆಂಗಳೂರಿನ ದೊಡ್ಡ ಪಶು ಆಸ್ಪತ್ರೆಗೆ ಒಯ್ಯಿರಿ ಎಂದರು. ಸಂತೆಬಾಚಹಳ್ಳಿಯಲ್ಲಿ ತರಕಾರಿ ತುಂಬಿಕೊಂಡು ಹೋಗುವ ಮೆಟಡೋರಿನಲ್ಲಿ, ಬದನೆಕಾಯಿ ಮೂಟೆಗಳ ನಡುವೆ, ಶಾಂತಾಳ ತೊಡೆಯ ಮೇಲೆ ತಲೆಯಿಟ್ಟು ಅವನು ಬೆಂಗಳೂರಿಗೆ ಹೋದ. ನಾಯಿಯ ಕಾಲಿಗಾಗಿ ಬೆಂಗಳೂರು ಕಂಡವರು ಆ ಊರಿನಲ್ಲಿ ನಮಗಿಂತ ಮುಂಚೆ ಯಾರೂ ಇರಲಿಲ್ಲ. ಟ್ರಾಕ್ಟರಿನವನೇ ಬಂದು, "ಮನ್ಸರ್ನ ಮೈಸೂರ್ಗೆ ಕರ್ಕಂಡೋಯ್ತೀವಿ, ನೀವ್ ನಾಯ್ನ ಬೆಂಗ್ಳೂರ್ಗೆ ಕರ್ಕಂಡೋಗಿದ್ದೀರಲ್ಲ ಮೇಷ್ಟ್ರೇ," ಎಂದು ಕೈಮುಗಿದು ಹೋದ.

ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಮೂಳೆಯೊಳಗೆ ಉಕ್ಕಿನ ಸಲಾಕೆ ತೂರಿಸಿ ಕೂಡಿಸಿದರು. ಹೊಲಿಗೆ ಬಿಚ್ಚಿದ ದಿನ ಅವರು ಹೇಳಿದ ಮಾತು ನಮ್ಮಿಬ್ಬರಿಗೂ ಬಾಯಿಪಾಠ.

"ಮೂಳೆ ಕೂಡುತ್ತೆ, ಅದರ ಚಿಂತೆ ಬೇಡ. ಚಿಂತೆ ಇರೋದು ಮಂಡಿದು. ನೋವಿಗೆ ಹೆದರಿ ಕಾಲು ಎತ್ತಿಕೊಂಡೇ ಇದ್ದರೆ ಸ್ನಾಯು ಬಿಗಿದುಕೊಂಡು ಆ ಕಾಲು ಕೋಲಾಗುತ್ತೆ. ಕೋಲಾದ ಕಾಲನ್ನು ಎಳೆದಾಡಿ ಗಾಯ ಮಾಡಿಕೊಳ್ಳುತ್ತೆ, ಕಡೆಗೆ ಕಾಲನ್ನೇ ತೆಗೆಯಬೇಕಾಗುತ್ತೆ. ಅದಕ್ಕೇ ನೀರಲ್ಲಿ ನಡೆಸಿ. ಎದೆಮಟ್ಟ ನೀರಿದ್ದರೆ ಮೈಭಾರ ನೀರು ಹೊರುತ್ತೆ, ಕಾಲಿಗೆ ಕೆಲಸ ಮಾತ್ರ ಸಿಗುತ್ತೆ. ಆಮೇಲೆ ಸ್ವಲ್ಪ ಸ್ವಲ್ಪ ಈಜಿಸಿ. ಓಟದ ಕುದುರೆಗಳಿಗೆ ಹೀಗೇ ಮಾಡ್ತಾರೆ, ಹೊರದೇಶದಲ್ಲಿ ನಾಯಿಗಳಿಗೂ ಶುರು ಮಾಡಿದ್ದಾರೆ. ನಿಮ್ಮೂರಲ್ಲಿ ನೀರಿದೆಯಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ನಾವು ಹೌದೆಂದದ್ದೇ ಇಲ್ಲ.

"ನಮ್ಮೂರಾಗ ಹೊಳೀನೇ ಅದರಿ," ಎಂದೆ. ಹೇಳಿ ಮುಗಿಸಿದ ಮೇಲೆ, ನಮ್ಮೂರು ಅಂದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

ಹಿಂದಿರುಗುವಾಗ ಮೆಟಡೋರು ಖಾಲಿ ಇತ್ತು. ಅದು ಶ್ರೀರಂಗಪಟ್ಟಣದ ಹತ್ತಿರ ಪಾಂಡವಪುರದ ಕಡೆ ತಿರುಗಿತು. ಆಗ ಶಾಂತಾ ಅಂದಳು, "ಇವನ ಕಾಲ ತಗದ್ರ ನಾ ಇಲ್ಲಿ ಇರೂದಿಲ್ರಿ. ಇವನ್ನ ಕರ್ಕೊಂಡು ಊರಿಗೆ ಹೋಗ್ತೀನಿ. ನೀವ್ ಡ್ರಿಲ್ ಮಾಡಿಸ್ಕೋತ ಇರ್ರಿ." ಸಿಟ್ಟಿನಲ್ಲಿ ಅಂದದ್ದಲ್ಲ. ಸಿಟ್ಟಿನಲ್ಲಿ ಅಂದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಮುಳುಗದ ಹಾಗೆ ಏನಾದರೂ ಕಟ್ಟಬೇಕೆಂದು ಊರ ಬಾಗಿಲಿನಲ್ಲಿ ಪಂಚರ್ ಅಂಗಡಿ ಇಟ್ಟಿರುವ ರಹಮತ್ ಸಾಬರ ಹತ್ತಿರ ಹೋದೆ. ಅವರು ದರ್ಜಿಯ ಹಾಗೆ ಸುಬೇದಾರನ ಎದೆ, ಹೊಟ್ಟೆಯ ಅಳತೆ ತೆಗೆದುಕೊಂಡರು. ಸ್ಕೂಟರಿನ ಹಳೇ ಟ್ಯೂಬಿಗೆ ಬೆಲ್ಟು ಹಚ್ಚಿ, ಗಾಳಿ ತುಂಬಿ, ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೋ ನೋಡಿದರು. "ಫಿಕರ್ ಮಾಡ್ಬ್ಯಾಡಿ ಮೇಷ್ಟ್ರೇ. ಇದು ಮುಳುಗಾಕಿಲ್ಲ. ನಾಯಿ ಮುಳುಗುದ್ರೂ ಟ್ಯೂಬು ಮುಳುಗಾಕಿಲ್ಲ," ಎಂದು ಭರವಸೆ ಕೊಟ್ಟರು.

ಇನ್ನು ಮೆಟ್ಟಿಲಿನ ವಾದ.

"ಎಮ್ಮೆಯಿಂದ ಕೆಳೀಕೆ ಇಳ್ಸಿ ಮೇಷ್ಟ್ರೇ. ಅಲ್ಲಿ ಯಾರೂ ಬ್ಯಾಡ ಅನ್ನಾಕಿಲ್ಲ," ಎಂದರು ಸಾಕಮ್ಮ.

"ಅಲ್ಲಿ ಮಡು ಐತೆ ಕಣತ್ಗೆ," ಎಂದ ಜವರೇಗೌಡ. "ಆನೆ ನಿಂತ್ರೂ ಕಿವಿ ಕಾಣಾಕಿಲ್ಲ. ನಾಯ್ಗೆ ಎದೆಮಟ್ಟ ಬೇಕು ಅಂತಾವ್ರೆ. ಎದೆಮಟ್ಟ ಅಂದ್ರೆ ಇಲ್ಲೇಯ, ನಿನ್ ಕಲ್ಲಿಗೂ ನನ್ ಎತ್ತಿಗೂ ನಡುವೆ. ಮರಳ್ ನೆಲ, ಜಾರಾಕಿಲ್ಲ."

"ನನ್ ಬಟ್ಟೆಯಿಂದ ಕೆಳಗಾದ್ರೆ ನಂಗೇನು ಬುಡು. ನಿನ್ನ ಎತ್ತಿಗೆ ಬತ್ತದಲ್ಲೋ ಆ ನೀರು. ನಾಯ್ ಮೈ ತೊಳ್ದ ನೀರ್ನ ಬಸವಣ್ಣನ ಮೈಗೆ ಉಯ್ತೀಯಾ?"

ಜವರೇಗೌಡ ಎತ್ತಿನ ಮುಖ ನೋಡಿದ. ಅದು ಅಭಿಪ್ರಾಯ ಹೇಳಲಿಲ್ಲ. "ಅದ್ರ ತೊಡೆವೊಳ್ಗೆ ಕಬ್ಣದ ಸಲಾಕೆ ಐತಂತೆ ಕಣತ್ಗೆ. ಪಾಪ, ನೋಡಾಕಾಗಾಕಿಲ್ಲ."

ಸಾಕಮ್ಮ ಎತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದರು. "ಏನಂದೆ? ಕಬ್ಣವಾ?"

"ಊಂ. ಮೂಳೆವೊಳ್ಗೆ."

"ಅದ್ನ ಮೊದ್ಲೇ ಅನ್ನಕ್ಕೆ ನಿಂಗೇನಾಗಿತ್ತಲಾ. ಬಾಣ್ತಿ ತಲೆದೆಸೇಲಿ ಕುಡ್ಲು ಯಾಕಿಕ್ತೀವಿ? ಕಬ್ಣ ಇರೋ ಕಡೆ ಗಾಳಿ ಗೀಳಿ, ಮೈಲ್ಗೆ ಗೀಲ್ಗೆ ಒಂದೂ ಸುಳಿಯಾಕಿಲ್ಲ ಅಂತ ತಾನೇ? ನಾವು ಹೊರಗ್ ಇಕ್ಕಂತೀವಿ, ಇದ್ಕೆ ಒಳಗೇ ಐತೆ. ಈ ಹೊಳೇಲಿರೋ ನಮ್ಮೆಲ್ಲಾರ್ಗಿಂತ ಇದೇ ಶುದ್ದ. ಇಳ್ಸಿ ಮೇಷ್ಟ್ರೇ."

ಅದು ಕಬ್ಬಿಣವಲ್ಲ, ಸ್ಟೀಲು ಎಂದು ತಿದ್ದಲು ನಾನು ಬಾಯಿ ತೆರೆದೆ. ದಡದಿಂದ ಶಾಂತಾ ನೋಡಿದ ನೋಟಕ್ಕೆ ಮುಚ್ಚಿಕೊಂಡೆ.

ಹೀಗೆ ಹೊಳೆಯಲ್ಲಿ ಒಂದು ಹೊಸ ಸ್ಥಾನ ಹುಟ್ಟಿತು, ಬಟ್ಟೆಗಿಂತ ಕೆಳಗೆ, ಎತ್ತಿಗಿಂತ ಮೇಲೆ. ಆ ತೀರ್ಪಿನ ಇನ್ನೊಂದು ಪರಿಣಾಮವನ್ನು ಯಾರೂ ಎಣಿಸಿರಲಿಲ್ಲ. ಅದೇ ವಾರ ಒಬ್ಬಾಕೆ ಬೆಚ್ಚಿಬೀಳುವ ಕೂಸನ್ನು ಎತ್ತಿಕೊಂಡು ಬಂದು, ಅದರ ಕೈಯನ್ನು ಸುಬೇದಾರನ ಎಡತೊಡೆಗೆ ಮುಟ್ಟಿಸಿಕೊಂಡು ಹೋದಳು. ಕೂಸು ಬೆಚ್ಚುವುದನ್ನು ಬಿಟ್ಟಿತಂತೆ. ಆಮೇಲೆ ನಮ್ಮ ಜಗುಲಿಯಲ್ಲಿ ಕೂಸುಗಳ ಸಾಲು. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಮುದ್ದೆ, ಮೊಟ್ಟೆ, ಒಮ್ಮೊಮ್ಮೆ ಎಲೆಯಲ್ಲಿ ಕಟ್ಟಿದ ಬಾಡು. ಸುಬೇದಾರನ ಪಕ್ಕೆಲುಬು ಒಂದೊಂದೇ ಮಾಯವಾಗತೊಡಗಿದವು. ಊರಿಗೆ ಸಂತೋಷ. ಮೈ ಹಗುರ ಇದ್ದಷ್ಟೂ ಕಾಲಿಗೆ ಒಳ್ಳೆಯದೆಂದು ಡಾಕ್ಟರಮ್ಮ ಹೇಳಿದ್ದರಿಂದ ಶಾಂತಾಳಿಗೆ ದಿಗಿಲು.

"ಅವ್ವಾ, ಅಂವಗ ತಿನ್ನಾಕ ಕೊಡಬ್ಯಾಡ್ರಿ. ತೂಕ ಹೆಚ್ಚಾಗಬಾರ್ದಂತ," ಎಂದು ಆಕೆ ಬೇಡಿಕೊಂಡಳು.

"ಕೊಡದೆ ಮುಟ್ಟುಸ್ಕಂಡ್ರೆ ಫಲಿಸಾಕಿಲ್ಲ ಕಣವ್ವಾ," ಎಂದರು ಅವರು.

ಕಡೆಗೆ ಶಾಂತಾ ಒಂದು ಏರ್ಪಾಡು ಮಾಡಿದಳು. ನಾಯಿಗೆ ಕೊಡುವುದನ್ನು ನಾಯಿಯ ಯಜಮಾನನಿಗೆ ಕೊಟ್ಟರೂ ನಡೆಯುತ್ತದೆ. ಬಾಡು, ಮೊಟ್ಟೆ ಬಿಟ್ಟು ಉಳಿದದ್ದೆಲ್ಲ ನನ್ನ ತಟ್ಟೆಗೆ ಬಂತು. ಆ ದಿನಗಳಲ್ಲಿ ನಾನು ತಿಂದಷ್ಟು ಮುದ್ದೆಯನ್ನು ಯಾವ ಬಿಜಾಪುರದವನೂ ತಿಂದಿರಲಾರ.

ನೀರಿನ ಕೆಲಸ ಮಾತ್ರ ಮುಂದೆ ಹೋಗಲಿಲ್ಲ. ಎದೆಮಟ್ಟ ನೀರಿನಲ್ಲಿ ಸುಬೇದಾರ ಮೂರು ಕಾಲಿನಲ್ಲೇ ನಡೆಯುತ್ತಿದ್ದ. ಎಡಗಾಲನ್ನು ಹೊಟ್ಟೆಗೆ ಅವಚಿ, ನೆಲಕ್ಕೆ ತಾಗದ ಹಾಗೆ ಜೋಪಾನ. ಶಾಂತಾ ದಡದಿಂದ ರೊಟ್ಟಿ ತೋರಿಸಿ ಕರೆಯುವಳು. ಅವನು ಮೂರು ಕಾಲಿನಲ್ಲಿ ಬಂದು ರೊಟ್ಟಿ ತಿಂದು, ಮೂರು ಕಾಲಿನಲ್ಲಿ ಹಿಂದಿರುಗುವನು. ತೊಡೆ ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಮುಟ್ಟಿದರೆ ಮಂಡಿ ಬಾಗಿಲಿನ ಚಿಲಕದ ಹಾಗೆ ಗಟ್ಟಿ. ಶಾಂತಾ ಅದನ್ನು ದಿನಾ ಮುಟ್ಟಿ ನೋಡುತ್ತಿದ್ದಳು. ಒಂದು ದಿನ ಆಕೆ ಟ್ರಂಕಿನ ಧೂಳು ಒರೆಸುತ್ತಿದ್ದದ್ದನ್ನು ಕಂಡೆ.

ಜವರೇಗೌಡ ತನ್ನ ವಿದ್ಯೆ ಪ್ರಯೋಗಿಸಿದ. ಎತ್ತಿಗೆ ಉಳುಕಿದರೆ ಹೊಳೆಯಲ್ಲಿ ಈಜಿಸುವುದು ಅವರ ಮನೆಯ ರೂಢಿ. ಎತ್ತನ್ನು ನೀರಿಗೆ ಬಿಟ್ಟು ಹಿಂದೆ ಬಾಲ ಹಿಡಿದರೆ ಅದು ಮುಂದಕ್ಕೆ ಈಜುತ್ತದೆ. "ನಾಕು ಕಾಲು, ಒಂದ್ ಬಾಲ. ಎತ್ತಾದ್ರೇನು, ನಾಯಾದ್ರೇನು?" ಎಂದು ಸುಬೇದಾರನ ಬಾಲ ಹಿಡಿದ. ಸುಬೇದಾರ ಹಿಂತಿರುಗಿ, ದೊಡ್ಡ ಮನುಷ್ಯನೊಬ್ಬ ಹೀಗೆ ನಡೆದುಕೊಳ್ಳಬಹುದೇ ಎಂಬಂತೆ ನೋಡಿ, ನೀರಿನಲ್ಲಿ ಕೂತುಬಿಟ್ಟ. ಟ್ಯೂಬು ಕಿವಿಯವರೆಗೆ ಬಂತು. ಎಷ್ಟು ಎಳೆದರೂ ಏಳಲಿಲ್ಲ.

"ಇದು ಎತ್ತಲ್ಲ ಬುಡಿ ಮೇಷ್ಟ್ರೇ," ಎಂದು ಜವರೇಗೌಡ ಒಪ್ಪಿಕೊಂಡ. "ನೆಲ ಸಿಕ್ತಾ ಇರೋಗಂಟ ಈ ನನ್ಮಗ ಕಾಲ್ ಬುಡಾಕಿಲ್ಲ. ನೆಲ ಸಿಗದ ಕಡೆ ಕರ್ಕಂಡೋಗಿ. ನೀವ್ ಮುಂದೆ ಈಜ್ಕಂಡೋಗಿ, ಅದು ಹಿಂದೆ ಬತ್ತದೆ."

ನಾನು ಎತ್ತಿನ ಕೊಂಬನ್ನು ನೋಡುತ್ತಾ ನಿಂತೆ.

"ಏನ್ ಮೇಷ್ಟ್ರೇ?"

"ನನಗ ಈಜು ಬರೂದಿಲ್ಲ."

"ಡ್ರಿಲ್ ಮೇಷ್ಟ್ರಿಗೆ?"

ಇದನ್ನು ಅವನು ಮೆಲ್ಲಗೇ ಕೇಳಿದ. ಆದರೆ ನೀರಿನ ಮೇಲೆ ಮಾತು ದೂರ ಹೋಗುತ್ತದೆ. ಮೇಲೆ ಬಟ್ಟೆಯವರು ನಕ್ಕರು, ಅದರ ಮೇಲೆ ಮೈ ತೊಳೆಯುವವರು ನಕ್ಕರು, ಕುಡಿಯುವ ನೀರಿನವರೆಗೆ ನಗು ಕಟ್ಟಳೆಯ ಪ್ರಕಾರವೇ ಏರಿತು.

ಸಾಕಮ್ಮ ನಗಲಿಲ್ಲ. "ಅವ್ರೂರಲ್ಲಿ ನೀರೇ ಇಲ್ಲ ಕಣ್ರಲಾ. ಎಲ್ ಈಜಾರು, ಬಿಂದ್ಗೇಲಾ? ಜವರಾ, ಕಲ್ಸಲಾ ಮೇಷ್ಟ್ರಿಗೆ."

ಮರುದಿನ ಜವರೇಗೌಡ ಖಾಲಿ ಸೀಮೆಎಣ್ಣೆ ಡಬ್ಬ ತಂದ. ಬಾಯಿಗೆ ಬಿರಟೆ ಜಡಿದು, ನನ್ನ ಬೆನ್ನಿಗೆ ಹಗ್ಗದಿಂದ ಕಟ್ಟಿದ. ಇಲ್ಲಿ ಎಲ್ಲರೂ ಈಜು ಕಲಿಯುವುದು ಹಾಗೆಯೇ, ಆದರೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ. ಬೆನ್ನ ಮೇಲೆ ಡಬ್ಬ ಕಟ್ಟಿಕೊಂಡ ಮೀಸೆಯ ಮೇಷ್ಟ್ರು, ಹೊಟ್ಟೆಗೆ ಟ್ಯೂಬು ಕಟ್ಟಿಕೊಂಡ ನಾಯಿ, ಇಬ್ಬರೂ ದಿನಾ ಬೆಳಿಗ್ಗೆ ಹೊಳೆಗೆ ಮೆರವಣಿಗೆ ಹೋಗುತ್ತಿದ್ದೆವು. ಜನ ಈಗ ನನಗೂ ಅವನಿಗೂ ಒಟ್ಟಿಗೇ ದಾರಿ ಬಿಡುತ್ತಿದ್ದರು. ಕಾಲು ಬಡಿ ಎಂದರೆ ಕೈ ನಿಲ್ಲುತ್ತಿತ್ತು, ಕೈ ಎಂದರೆ ಉಸಿರು ನಿಲ್ಲುತ್ತಿತ್ತು. ಇಪ್ಪತ್ತು ಸಾಲು ಮಕ್ಕಳನ್ನು ಒಂದು ಸೀಟಿಗೆ ತಿರುಗಿಸುವವನಿಗೆ ನನ್ನವೇ ನಾಲ್ಕು ಅಂಗಗಳನ್ನು ತಿರುಗಿಸಲು ಆಗಲಿಲ್ಲ. ಆದರೂ ಎಷ್ಟೋ ದಿನಗಳ ಮೇಲೆ, ನಾನೊಂದು ಹತ್ತು ಮಾರು ದೂರ ತೇಲುವವನಾದೆ. ಅದಕ್ಕೆ ಈಜು ಎಂದು ಕರೆದವನು ಜವರೇಗೌಡ ಒಬ್ಬನೇ, ಅದೂ ಅವನು ಒಳ್ಳೆಯವನಾದ್ದರಿಂದ.

ಮತ್ತೆ ತೋರಿಸಲು ಬೆಂಗಳೂರಿಗೆ ಹೋಗುವ ದಿನ ಹತ್ತಿರ ಬಂದಿತ್ತು. ಆ ಬೆಳಿಗ್ಗೆ ನಾನು ಗಟ್ಟಿ ಮನಸ್ಸು ಮಾಡಿ ನೆಲ ಸಿಗದ ಕಡೆಗೆ ಹೊರಟೆ. ಸುಬೇದಾರನ ಹಗ್ಗ ನನ್ನ ಕೈಯಲ್ಲಿ. ನಾನು ಮುಂದೆ ಹೋದರೆ ಯಜಮಾನನ ಮೇಲಿನ ಪ್ರೀತಿಗೆ ಅವನು ಹಿಂದೆ ಬಂದೇ ಬರುತ್ತಾನೆ ಎಂಬುದು ನಮ್ಮ ಲೆಕ್ಕ. ಅವನು ಎದೆಮಟ್ಟದಲ್ಲಿ ನಿಂತು ನನ್ನನ್ನು ನೋಡಿದ. ಕರೆದೆ. ನೋಡಿದ. ಶಾಲೆಯ ಸೀಟಿ ಊದಿದೆ. ಬೇರೆ ಕಡೆ ನೋಡಿದ.

ಅಷ್ಟರಲ್ಲಿ ಅವನ ಮೂಗಿನಿಂದ ನಾಲ್ಕು ಮಾರು ಆಚೆ ಒಂದು ನೀರುಕಾಗೆ ತಲೆ ಎತ್ತಿತು. ನಮ್ಮ ಕಡೆಯವರಿಗೆ ಹೇಳುತ್ತೇನೆ, ಇದು ಮೀನು ತಿನ್ನುವ ಕರಿ ಹಕ್ಕಿ. ನೀರಲ್ಲಿ ಮುಳುಗಿ, ನೀವು ಎಣಿಸದ ಕಡೆ ಏಳುತ್ತದೆ. ಕಬ್ಬಿನ ಗೋಡೆಗಳ ಊರಿನಲ್ಲಿ ಸುಬೇದಾರನ ಕಣ್ಣ ಮುಂದೆ ಮೊದಲ ಸಲ ಬಯಲು ಇತ್ತು, ಬಯಲಿನಲ್ಲಿ ಓಡುವ ಜೀವ ಇತ್ತು. ಹಗ್ಗ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ಆ ಎಳೆತಕ್ಕೆ ನಾನು ಮಗುಚಿದೆ. ಬೆನ್ನಿನ ಡಬ್ಬದ ಗಂಟು ಸಡಿಲವಾಗಿ ಡಬ್ಬ ಹೊಟ್ಟೆಯ ಕಡೆ ಬಂತು. ಡಬ್ಬ ಮೇಲೆ, ನಾನು ಕೆಳಗೆ.

ಒಮ್ಮೆ ತಲೆ ಎತ್ತಿದಾಗ ಕಂಡದ್ದು ಹಕ್ಕಿಯ ಹಿಂದೆ ಹೊರಟ ಸುಬೇದಾರನ ಬೆನ್ನು. ಇನ್ನೊಮ್ಮೆ ಎತ್ತಿದಾಗ ಕೇಳಿದ್ದು ದಡದಿಂದ ಶಾಂತಾಳ ಕೂಗು. ನನ್ನನ್ನು ಕಾಪಾಡಲು ಜನರನ್ನು ಕರೆಯುತ್ತಿದ್ದಾಳೆ ಎಂದುಕೊಂಡೆ.

"ಏ, ನಾಕೂ ಕಾಲ ಬಡ್ಯಾಕತ್ಯಾನ್ರೀ! ಮಣಕಾಲ ಮಡಸ್ಯಾನ! ನೋಡ್ರೀ ಇಲ್ಲಿ!"

ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎತ್ತುಗಳ ಕಾಲ ಸಂದಿಗೆ ತೇಲಿಬಂದ ನನ್ನ ಕಡೆ ಸಾಕಮ್ಮ ಒಗೆಯುತ್ತಿದ್ದ ಒದ್ದೆ ಸೀರೆಯನ್ನು ಬೀಸಿ ಎಸೆದರು. ಹಿಡಿದುಕೊಂಡೆ. ಜವರೇಗೌಡ ರಟ್ಟೆ ಹಿಡಿದು ಎಳೆದು, ಮರಳ ಮೇಲೆ ಬೋರಲು ಹಾಕಿ, ಬೆನ್ನು ಗುದ್ದಿದ. ಕೆಮ್ಮಿ ಕಣ್ಣು ಬಿಟ್ಟೆ. ಅತ್ತ ನೋಡಿದರೆ ನೀರುಕಾಗೆ ಇಲ್ಲಿ ಮುಳುಗಿ ಅಲ್ಲಿ ಏಳುತ್ತಿತ್ತು. ಸುಬೇದಾರ ಅಲ್ಲಿಗೆ ತಿರುಗುತ್ತಿದ್ದ. ಅದು ಮುಳುಗಿದರೆ ತಾನೂ ನಿಂತು, ಕತ್ತು ಚಾಚಿ ನಾಲ್ಕು ಕಡೆ ನೋಡುತ್ತಿದ್ದ, ಎದ್ದೊಡನೆ ಹೊರಡುತ್ತಿದ್ದ. ತಿಳಿ ನೀರಿನೊಳಗೆ ಆ ಸೊರಗಿದ ಕಾಲು ಉಳಿದ ಮೂರರ ಜೊತೆ ಮಡಚಿ, ಚಾಚಿ, ಮಡಚಿ ಕೆಲಸ ಮಾಡುತ್ತಿತ್ತು. ಯಜಮಾನ ಮುಳುಗಿ ಎದ್ದದ್ದು ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ.

"ನನ್ನ ಜೀವ ಹೋಗ್ತಿತ್ತು," ಎಂದೆ ಶಾಂತಾಳಿಗೆ.

"ನಿಮ್ಮನ್ನ ಹಿಡಿಯಾಕ ಅವ್ವಾರು ಇದ್ರಲ್ರೀ," ಎಂದಳು. ಅವಳು ಅಳುತ್ತಿದ್ದಳು, ಕೈಯಲ್ಲಿದ್ದ ರೊಟ್ಟಿಯನ್ನು ಮರೆತು ತಾನೇ ತಿನ್ನುತ್ತಿದ್ದಳು.

ಅಂದಿನಿಂದ ಕೆಲಸ ಸಲೀಸಾಯಿತು. ನೀರುಕಾಗೆ ದಿನಾ ಬರುತ್ತಿತ್ತು, ಸುಬೇದಾರ ದಿನಾ ಬೆನ್ನಟ್ಟುತ್ತಿದ್ದ, ದಿನಾ ಸೋಲುತ್ತಿದ್ದ. ಅವನನ್ನು ದಣಿಯುವ ಮುಂಚೆ ಕರೆದು ತರುವುದಕ್ಕೆ ಉದ್ದ ಹಗ್ಗ ಕಟ್ಟಿ ಜವರೇಗೌಡನ ಕೈಗೆ ಕೊಟ್ಟೆವು. ನನ್ನ ಕೆಲಸ ದಡದಲ್ಲಿ ಟವೆಲ್ಲು ಹಿಡಿಯುವುದು. ಬೆಂಗಳೂರಿನಲ್ಲಿ ಡಾಕ್ಟರಮ್ಮ ಮಂಡಿಯನ್ನು ಮಡಚಿದರು. ಮಡಚಿತು. ಇನ್ನೂ ಮಡಚಿದರು. ಇನ್ನೂ ಮಡಚಿತು. "ಕಾಲು ಉಳೀತು. ಯಾರು ಮಾಡಿಸಿದ್ದು ವ್ಯಾಯಾಮ?" ಎಂದು ಕೇಳಿದರು. ನಾನು ಡ್ರಿಲ್ ಮಾಸ್ತರ ಎಂದು ಶಾಂತಾ ಹೇಳಿದಳು, ಮಿಕ್ಕದ್ದು ಹೇಳಲಿಲ್ಲ. ಮನೆಗೆ ಬಂದು ಟ್ರಂಕನ್ನು ಅಟ್ಟಕ್ಕೆ ಹಾಕಿಸಿದಳು.

ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ನೀವು ಸುಬೇದಾರನನ್ನು ನೋಡಿದ್ದೀರಿ. ಕರಿ ನೆಲದ ಬಿರುಕುಗಳ ಮೇಲೆ ಅವನು ತುಸು ಕುಂಟುತ್ತಿದ್ದ. ಪಾಪ, ಆ ಕಡೆ ಹೋಗಿ ನಾಯಿ ಕೆಟ್ಟಿತು ಎಂದು ನಮ್ಮ ಕಾಕಾ ಎಲ್ಲರ ಮುಂದೆ ಹೇಳಿದರು. ಹೌದು, ನೆಲದ ಮೇಲೆ ಅವನು ಕುಂಟುತ್ತಾನೆ. ನೀರಿನಲ್ಲಿ ಕುಂಟುವುದಿಲ್ಲ. ಅದನ್ನು ತೋರಿಸಲು ನಮ್ಮೂರಲ್ಲಿ ನೀರಿರಲಿಲ್ಲ. ನನ್ನ ಗತಿಯೂ ಹೆಚ್ಚು ಕಡಿಮೆ ಹಾಗೇ ಆಗಿದೆ. ಅಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ "ಏನಪಾ, ಮೈಸೂರು ಕಡೆ ಮಾತು ಬಂತಲ್ಲ" ಅನ್ನುತ್ತೀರಿ. ಈ ಕಡೆ ಇವತ್ತಿಗೂ ನಾನು ಬಿಜಾಪುರದ ಮೇಷ್ಟ್ರು. ಜೋಳದ ರೊಟ್ಟಿ ಕಂಡರೆ ಕಣ್ಣು ತುಂಬುತ್ತದೆ. ಮುದ್ದೆ ತಿನ್ನದ ದಿನ ಹೊಟ್ಟೆ ತುಂಬುವುದಿಲ್ಲ.

ಮುಂದಿನ ವರ್ಷ ವರ್ಗಾವಣೆ ಆಯಿತು. ನಾನು ಬೇಡಿದ್ದು ಬಿಜಾಪುರ ಜಿಲ್ಲೆ. ಕೊಟ್ಟದ್ದು ನಾಗಮಂಗಲ ತಾಲೂಕು. ಸಾಮಾನು ಇಳಿಸಿದ ದಿನ ಶಾಂತಾ ಕೊಡ ತೆಗೆದುಕೊಂಡು ಬೋರ್‌ವೆಲ್ಲಿಗೆ ಹೋದಳು. ಸುಬೇದಾರ ಹಿಂದೆ ಹೋದ, ಮಂಚದ ಕಾಲು ಹೊತ್ತುಕೊಂಡು ನಾನೂ ಆ ದಾರಿಯಲ್ಲೇ ಬರುತ್ತಿದ್ದೆ. ಅಲ್ಲಿ ನೀರು ಹಿಡಿಯುತ್ತಿದ್ದ ಮುದುಕಿಯೊಬ್ಬಳು ಕೈಪಂಪು ನಿಲ್ಲಿಸಿ, "ಯಾವೂರವ್ವಾ ನಿಮ್ದು? ಮಾತು ಈ ಕಡೇದಲ್ಲ," ಎಂದು ಕೇಳಿದಳು.

ಶಾಂತಾ ಇಂಡಿ ಅನ್ನುತ್ತಾಳೆಂದು ನಾನು ಹೆಜ್ಜೆ ನಿಧಾನ ಮಾಡಿದೆ. ಆಕೆ ಕೊಡವನ್ನು ಪಂಪಿನ ಕೆಳಗಿಟ್ಟಳು.

"ಅಕ್ಕಿಹೆಬ್ಬಾಳು," ಎಂದಳು.